ಮೂಲೆಯ ತೆಂಗಿನಮರ

ದೊಡ್ಡಪ್ಪ ಗಂಡಸಿ ಊರಿನಲ್ಲಿ ಕಟ್ಟಿಸುತ್ತಿದ್ದ ಮದುವೆ ಛತ್ರದ ಊಟದ ಹಾಲಿಗೆ ಒಂದು ದೊಡ್ಡ ಫೋಟೊ ಬೇಕಾಗಿತ್ತು. ಗೋಡೆಯ ಈ ತುದಿಯಿಂದ ಆ ತುದಿಗೆ ನಮ್ಮ ಕಡೆಯ ತೋಟಗಳು ಕಾಣಬೇಕೆಂದು ಅವರ ಆಸೆ. ನನಗೂ ಚಿಕ್ಕಪ್ಪನ ಮಗಳಿಗೂ ಒಟ್ಟಿಗೇ ಹೇಳಿದರು: "ಇಬ್ರೂ ತೆಗೀರವ್ವ. ಚೆನ್ನಾಗಿರೋದು ಗೋಡೆಗೆ."

ಗೋಡೆ ನನ್ನದೇ ಎಂದುಕೊಂಡೆ. ಹೊಸದಾಗಿ ಕೊಂಡಿದ್ದ ನನ್ನ ಕ್ಯಾಮೆರಾದಲ್ಲಿ ಅವಳದರ ಎರಡರಷ್ಟು ಮೆಗಾಪಿಕ್ಸೆಲ್ ಇತ್ತು. ಲೆನ್ಸ್ ಮಾತ್ರ ಹಿಂದಿನ ಕ್ಯಾಮೆರಾದ ಜೊತೆ ಬಂದಿದ್ದ ಜೂಮ್. ಅವಳದು ಅದೇ ಕಂಪನಿಯ ಹಳೆಯ ಕ್ಯಾಮೆರಾ. ಅದಕ್ಕೆ ಜೂಮ್ ಆಗದ ಒಂದೇ ಒಂದು ಲೆನ್ಸ್. ಹತ್ತಿರ ಬೇಕೆಂದರೆ ನಡೆದು ಹೋಗಬೇಕು, ಅಗಲ ಬೇಕೆಂದರೆ ಹಿಂದೆ ಸರಿಯಬೇಕು. ಅವಳು ಹಾಗೆ ಹಿಂದೆ ಸರಿಯುತ್ತಾ ಸರಿಯುತ್ತಾ ಬೇಲಿಗೆ ತಾಗುವುದನ್ನು ನೋಡಿ ನನಗೆ ಪಾಪ ಅನ್ನಿಸುತ್ತಿತ್ತು.

ಆ ಕನಿಕರ ನಿಂತದ್ದು ಹಳೇಬೀಡಿನಲ್ಲಿ. ಲೆನ್ಸ್ ಫೋಟೊದ ಅಂಚಿನಲ್ಲೂ ಸ್ಪಷ್ಟವಾಗಿ ತೋರಿಸುತ್ತದೆಯೇ ಎಂದು ಪರೀಕ್ಷಿಸಲು ನಮ್ಮ ಕಡೆಯವರಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ದೇವಸ್ಥಾನದ ತಳದ ಆನೆಗಳ ಸಾಲಿಗೆ ನೇರವಾಗಿ ನಿಂತು, ಫೋಟೊದ ಎಡತುದಿಯಿಂದ ಬಲತುದಿಯವರೆಗೆ ಆನೆಗಳೇ ಬರುವಂತೆ ತೆಗೆಯುವುದು. ಆಮೇಲೆ ಲ್ಯಾಪ್‌ಟಾಪಿನಲ್ಲಿ ಕೊನೆಯ ಆನೆಯನ್ನು ಹಿಗ್ಗಿಸಿ ನೋಡುವುದು. ನನ್ನ ಫೋಟೊದಲ್ಲಿ ನಡುವಿನ ಆನೆಗಳ ಕೊರಳ ಸರವೂ ಕಾಣುತ್ತಿತ್ತು. ತುದಿಯ ಆನೆಗೆ ಸೊಂಡಿಲು ಯಾವುದು, ಕಾಲು ಯಾವುದು ತಿಳಿಯುತ್ತಿರಲಿಲ್ಲ. ಲೆನ್ಸಿನೊಳಗೆ ಬೆಳಕು ಬರುವ ಕಂಡಿಯನ್ನು ಕಿರಿದು ಮಾಡಿದೆ, ತುದಿ ಸ್ವಲ್ಪ ಸುಧಾರಿಸಿತು. ಇನ್ನೂ ಕಿರಿದು ಮಾಡಿದೆ, ನಡುವೂ ಮಂಕಾಯಿತು. ಹೊಸ ಕ್ಯಾಮೆರಾ ಲೆನ್ಸಿನ ತಪ್ಪನ್ನು ಮುಚ್ಚುವುದಿರಲಿ, ಹಿಗ್ಗಿಸಿ ತೋರಿಸುತ್ತಿತ್ತು. ಅವಳ ಫೋಟೊದಲ್ಲಿ ಕೊನೆಯ ಆನೆ ಸೊಂಡಿಲು ಮಡಚಿಕೊಂಡು ಅಚ್ಚುಕಟ್ಟಾಗಿ ನಿಂತಿತ್ತು.

"ಚೆನ್ನಾಗಿ ಬಂದಿದೆ," ಎಂದೆ. ಅಂದಿನಿಂದ ಅವಳು ಲೆನ್ಸಿನ ಮುಚ್ಚಳ ತೆಗೆಯುವ ರೀತಿಯೂ ನನಗೆ ಸಹಿಸಲಾಗದಾಯಿತು.

ಗೋಡೆಯ ಫೋಟೊ ತೆಗೆಯಲು ಒಂದು ಬೆಳಿಗ್ಗೆ ಇಬ್ಬರೂ ಹಾರನಹಳ್ಳಿ ಕಡೆಯ ಗುಡ್ಡ ಹತ್ತಿದೆವು. ಮಳೆ ಬಂದು ನಿಂತಿತ್ತು, ಗಾಳಿ ಇರಲಿಲ್ಲ, ಗರಿಯೊಂದೂ ಅಲುಗುತ್ತಿರಲಿಲ್ಲ. ಅವಳು ತನ್ನದನ್ನು ತೆಗೆದು ಮುಗಿಸಿ ಲೆನ್ಸ್ ಬಿಚ್ಚಿ ನನ್ನತ್ತ ಚಾಚಿದಳು.

"ಅಕ್ಕ, ನಿನ್ನ ಕ್ಯಾಮೆರಾಗೆ ಇದನ್ನ ಹಾಕ್ಕೋ. ಸೂಪರ್ ಆಗಿ ಬರುತ್ತೆ."

"ಬೇಡ ಕಣೇ. ನನಗೆ ನನ್ನದೇ ಅಭ್ಯಾಸ."

ಅವಳು ಮತ್ತೆ ಒತ್ತಾಯಿಸಲಿಲ್ಲ. ಇನ್ನೊಂದು ಸಲ ಹೇಳಿದ್ದರೆ ತೆಗೆದುಕೊಳ್ಳುತ್ತಿದ್ದೆನೇನೋ. ಹೇಳಲಿಲ್ಲವೆಂದೂ ನನಗೆ ಕೋಪ ಬಂತು.

ದೊಡ್ಡಪ್ಪ ಎರಡನ್ನೂ ಪ್ರಿಂಟ್ ಹಾಕಿಸಿ ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಮೂಟೆಗಳ ಮೇಲೆ ಹರಡಿದರು. ಯಾವುದು ಯಾರದೆಂದು ಹೇಳಲಿಲ್ಲ. ನಾನು ಬೆಳಕು, ಮೋಡ, ಮುಂದಿನ ಬಂಡೆ ಎಂದೆಲ್ಲ ಲೆಕ್ಕ ಹಾಕಿದ್ದೆ. ಈ ವಿಷಯಗಳಲ್ಲಿ ನನ್ನದೇ ಮೇಲು, ಈಗಲೂ ಹಾಗೆಯೇ ಅನ್ನುತ್ತೇನೆ. ಆದರೆ ಬಂದವರು ಯಾರೂ ದೂರ ನಿಂತು ನೋಡಲಿಲ್ಲ. ನಮ್ಮ ಕಡೆಯವರು ತೋಟದ ಚಿತ್ರವನ್ನು ನೋಡುವುದಿಲ್ಲ, ಅದರೊಳಗೆ ಹುಡುಕುತ್ತಾರೆ. ಪ್ರತಿಯೊಬ್ಬರೂ ಬಗ್ಗಿ, ಬೆರಳಿಟ್ಟು, ದಾರಿ ಹಿಡಿದು, ಪಂಪ್‌ಹೌಸ್ ದಾಟಿ ತಮ್ಮ ತೋಟಕ್ಕೆ ಹೋದರು. ಜಾವಗಲ್ಲಿನಿಂದ ಕೊಬ್ಬರಿ ತಂದಿದ್ದ, ಗುಡ್ಡದ ಕೆಳಗೂ ತೋಟವಿದ್ದ ಯಜಮಾನರೊಬ್ಬರ ಬೆರಳು ನನ್ನ ಫೋಟೊದ ಎಡ ಅಂಚಿನಲ್ಲಿ ನಿಂತಿತು.

"ಇದೇನ್ರೀ, ನಮ್ ತೋಟಾನ ಯಾರೋ ಪಾಯಸ ಮಾಡವ್ರೆ?"

ಮಂಡಿಯಲ್ಲಿದ್ದವರೆಲ್ಲ ನಕ್ಕರು. ಅವರು ಪಕ್ಕದ ಫೋಟೊಗೆ ಹೋಗಿ, "ಹಾಂ, ಇಲ್ಲೈತೆ ನೋಡಿ. ಸಿಡಿಲು ಬಡಿದ ಮರಾನೂ ಐತೆ," ಎಂದರು. ದೊಡ್ಡಪ್ಪ ನನ್ನ ಕಡೆ ನೋಡದೆ ನನ್ನದನ್ನು ಸುರುಳಿ ಸುತ್ತಿಟ್ಟರು.

ಛತ್ರದ ಆರಂಭೋತ್ಸವದ ದಿನ ಎಲೆ ಹಾಕಿದರೂ ಜನ ಚಿಕ್ಕಪ್ಪನ ಮಗಳ ಫೋಟೊ ಹಾಕಿದ್ದ ಗೋಡೆ ಬಿಟ್ಟು ಬರಲಿಲ್ಲ. ಅಮ್ಮನೂ ಅಲ್ಲೇ ಇದ್ದಳು. ನಮ್ಮ ತೋಟ, ಅದರ ತೊಟ್ಟಿ, ತೊಟ್ಟಿಯ ಮೇಲೆ ಒಣಗಹಾಕಿದ್ದ ತನ್ನದೇ ಹಳದಿ ಸೀರೆ, ಎಲ್ಲವನ್ನೂ ಬಂದವರಿಗೆ ತೋರಿಸುತ್ತಿದ್ದಳು. ನಾನು ತೆಗೆದ ಯಾವ ಫೋಟೊವನ್ನೂ ಅವಳು ಅಷ್ಟು ಹೊತ್ತು ನೋಡಿದ್ದಿಲ್ಲ. ತಂಗಿ ಮಜ್ಜಿಗೆಯ ಲೋಟ ಹಿಡಿದು ಪಕ್ಕದಲ್ಲಿ ನಗುತ್ತಾ ನಿಂತಿದ್ದಳು.

ನಾನು ಜನರ ಹಿಂದಿನಿಂದ ಬಲಗಡೆಯ ಕೆಳಮೂಲೆಗೆ ಹೋದೆ. ಯಾವ ಲೆನ್ಸಾದರೂ ಸೋಲುವುದು ಅಲ್ಲಿಯೇ. ಅಲ್ಲೊಂದು ಒಂಟಿ ತೆಂಗಿನಮರವಿತ್ತು. ಮೂಗು ಗೋಡೆಗೆ ತಾಗುವಷ್ಟು ಬಗ್ಗಿದೆ. ಗರಿಗಳು ಒಂದಕ್ಕೊಂದು ಅಂಟಿರಲಿ ಎಂದು ಬೇಡಿಕೊಳ್ಳುತ್ತಾ ನೋಡಿದೆ. ಎಲ್ಲವೂ ಬಿಡಿಬಿಡಿಯಾಗಿದ್ದವು.

"ಅಲ್ಲೇನೇ ಹುಡುಕ್ತೀಯ?" ಅಮ್ಮ ಆ ತುದಿಯಿಂದ ಕೂಗಿದಳು. "ನಮ್ ತೋಟ ಈ ಕಡೆ ಐತೆ."