ಕಿವಿಗೆ ಕೇಳದ ಬ್ರೇಕು

ರಬಕವಿಯಲ್ಲಿ ಇಪ್ಪತ್ತೈದು ವರ್ಷ ಪವರ್‌ಲೂಮ್ ಓಡಿಸಿದವನ ಕಿವಿಗೆ ಸಣ್ಣ ಸದ್ದು ನಾಟುವುದಿಲ್ಲ. ನಾನು ಮಾತ್ರ ಅದನ್ನು ಒಪ್ಪಿಕೊಂಡವನಲ್ಲ. ಮಗ್ಗದ ಮನೆಯಲ್ಲಿ ಕೂಗಿದರೂ ಕೇಳದ ಕಾರಣ ನಮ್ಮದೊಂದು ರೂಢಿಯಿದೆ: ಹೆಗಲಿಗೆ ಒಮ್ಮೆ ತಟ್ಟಿದರೆ ಮಗ್ಗ ನಿಲ್ಲಿಸಬೇಕು. ಊಟಕ್ಕೆ ಕರೆಯಲು ಬರುವ ಹೆಂಡತಿಯೂ ಹಾಗೇ ತಟ್ಟುತ್ತಾಳೆ. ಹೊರಗೆ ಪಡಸಾಲೆಯಲ್ಲಿ ನೂಲು ಸುತ್ತುವ ಅವಳ ಕಿವಿ ಬಲು ಚುರುಕು.

"ಹಿಂದಿನ ಗಾಲಿ ಕಿರ್ ಅನ್ನಾಕತ್ತೈತಿ, ನೋಡ್ರಿ" ಎಂದು ಅವಳು ಬೈಕಿನ ಹಿಂದೆ ಕೂತು ವಾರಗಟ್ಟಲೆ ಹೇಳಿದಳು.

"ಧೂಳ ಹೊಕ್ಕಿರತೈತಿ, ಸುಮ್ನ ಕುಂಡ್ರು" ಎಂದೆ.

ಬ್ರೇಕಿನ ಪೆಡಲು ಕೆಳಗಿಳಿದಾಗಲೆಲ್ಲ ಹಿಂದಿನ ಬ್ರೇಕಿನ ನಟ್ಟನ್ನು ಎರಡು ಸುತ್ತು ಬಿಗಿಯುತ್ತಿದ್ದೆ. ಮಗ್ಗ ಸಡಿಲಾದರೆ ಪಾನಾ ಹಿಡಿದು ನಟ್ಟು ಬಿಗಿಯುವುದು ನೇಕಾರನ ಚಾಳಿ. ಅದೇ ಜಾಣತನವನ್ನು ಬೈಕಿಗೂ ತೋರಿಸಿದ್ದೆ.

ಜಮಖಂಡಿಯಲ್ಲಿರುವ ಅವಳ ತವರಿಗೆ ಹೊರಟ ದಿನ, ಊರು ಹತ್ತಿರಾದಾಗ ಮುಂದೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರು ಗಕ್ಕನೆ ನಿಂತಿತು. ಪೆಡಲನ್ನು ತಳದವರೆಗೂ ತುಳಿದೆ. ಬೈಕು ನಿಲ್ಲಲಿಲ್ಲ. ಮುಂದಿನ ಬ್ರೇಕು ಹಿಡಿದು, ಎರಡೂ ಕಾಲು ನೆಲಕ್ಕೆ ಊರಿ, ಕಬ್ಬಿನ ಗರಿ ಮುಖಕ್ಕೆ ತಾಗುವಾಗ ನಿಂತೆವು. ಅವಳು ಇಳಿದವಳೇ ನಡೆಯತೊಡಗಿದಳು.

"ನಿಮಗ ಕೇಳಂಗಿಲ್ಲ, ಹೇಳಿದ್ರ ನಂಬಂಗಿಲ್ಲ. ಇನ್ನ ನಾ ಬಸ್ಸಿಗೇ ಹೋಗಾಕಿ."

ಬೈಕು ತಳ್ಳಿಕೊಂಡು ಅವಳ ಹಿಂದೆ ನಡೆದೆ. ಅವಮಾನಕ್ಕಿಂತ ಭಯವೇ ಹೆಚ್ಚಾಗಿತ್ತು. ಕಿವಿ ಹೋದವನು ಗಾಡಿ ಬಿಡಬೇಕೇನೋ, ಇವಳು ಇನ್ನು ನನ್ನ ಹಿಂದೆ ಕೂರುವುದೇ ಇಲ್ಲವೇನೋ.

ಮೊದಲು ಸಿಕ್ಕ ಗ್ಯಾರೇಜಿನಲ್ಲಿ ಮಿಸ್ತ್ರಿ ಗಾಲಿ ಬಿಚ್ಚಿ, ಡ್ರಮ್ಮಿನೊಳಗಿನ ಬ್ರೇಕ್ ಶೂ ತೋರಿಸಿದ. ಮೇಲಿನ ಪಟ್ಟಿ ಪೂರ್ತಿ ಸವೆದು ಲೋಹ ಇಣುಕುತ್ತಿತ್ತು.

"ನಟ್ ಬಿಗದು ಬಿಗದು ಸವದದ್ದು ಮುಚ್ಚಿಟ್ಟೀರಿ, ಕಾಕಾ."

"ನನಗ ಸದ್ದ ಕೇಳಂಗಿಲ್ಲಪಾ" ಎಂದೆ. ಹೆಂಡತಿಯ ಎದುರು ಆ ಮಾತು ಬಾಯಿಂದ ಬಿದ್ದದ್ದು ಅದೇ ಮೊದಲು.

"ಕೇಳೂದು ಬ್ಯಾಡ್ರಿ, ನೋಡ್ರಿ" ಎಂದ ಮಿಸ್ತ್ರಿ.

ಹೊಸ ಶೂ ಕೂರಿಸಿ ಅವನು ಪೆಡಲು ಒತ್ತಿದ. ಡ್ರಮ್ಮಿನ ಪಕ್ಕದ ಸಣ್ಣ ಬಾಣದಂಥ ಮುಳ್ಳು ತುಸು ಸರಿಯಿತು. ಬ್ರೇಕು ಒತ್ತಿದಾಗ ಅದು ಅಲ್ಲಿರುವ ಗುರುತು ಮುಟ್ಟಿದರೆ ಶೂ ಮುಗಿದಂತೆ ಎಂದು ತಿಳಿಸಿದ. ಆಮೇಲೆ ನಟ್ಟು ಬಿಗಿಯುವ ಆಟ ನಡೆಯುವುದಿಲ್ಲ. ಇಷ್ಟು ವರ್ಷ ಅದು ಕಣ್ಣೆದುರೇ ಇತ್ತು! ಸಾವಿರ ಎಳೆಗಳಲ್ಲಿ ಕಡಿದದ್ದೊಂದನ್ನು ಕಣ್ಣಿನಲ್ಲೇ ಹಿಡಿಯುವವನು ನಾನು. ಎದೆ ಹಗುರಾಯಿತು.

ಬೈಕು ಚಾಲು ಮಾಡಿ ಕಾದೆ. ಅವಳು ರಸ್ತೆಯ ಕಡೆ ನೋಡಿದಳು, ಸೆರಗು ಸುತ್ತಿಕೊಂಡಳು, ಕೊನೆಗೆ ಹತ್ತಿ ಕೂತಳು. ಸ್ವಲ್ಪ ದೂರ ಹೋಗುತ್ತಲೇ ಹೆಗಲಿಗೆ ಒಂದು ತಟ್ಟು ಬಿತ್ತು. ಯಾಕೆಂದು ಕೇಳದೆ ಬ್ರೇಕು ಒತ್ತಿದೆ. ಬೈಕು ಅಲ್ಲೇ ನಿಂತಿತು.

"ಏನಾತು?"

"ಏನಿಲ್ಲ" ಎಂದು ನಕ್ಕಳು, ನನಗೆ ಕೇಳುವಷ್ಟು ಜೋರಾಗಿ. "ನಾ ಹೇಳಿದ್ರ ನಿಂದರ್ತೀರೋ ಇಲ್ಲೋ ನೋಡಿದೆ. ನಡೀರಿ."