ಗೌರಿ ಅಲ್ಲಾಡದೆ ನಿಂತ ದಿನ

ಬಿಸಿನೀರಿಗೆ ಒಲೆಯ ಬೂದಿ ಬಿದ್ದಾಗ ಒಂದು ವಾಸನೆ ಏಳುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಚಿಮುಕಿಸಿದಾಗಿನ ಹಾಗೆ, ಗಂಟಲು ಹಿಡಿಯುವಂಥ ವಾಸನೆ. ಬೂದಿಯಲ್ಲಿ ಪಾತ್ರೆ ತಿಕ್ಕುವವರು ಈಗ ಎಲ್ಲಿದ್ದಾರೆ? ನಿಮ್ಮಲ್ಲಿ ವಯಸ್ಸಾದವರಿಗೆ ಮಾತ್ರ ನೆನಪಿದ್ದೀತು. ಆ ವಾಸನೆ ಬಂದರೆ ಫಳಫಳ ಹೊಳೆಯುವ ಹಿತ್ತಾಳೆ ಚೊಂಬು, ಹಿತ್ತಲಿನ ಬಿಸಿಲು, ತಾಯಿಯ ಕೈಬಳೆಯ ಸದ್ದು ಎಲ್ಲ ನೆನಪಾಗಿ ಕಣ್ಣು ತುಂಬುತ್ತದೆ ಅಂತ ನನ್ನ ವಾರಿಗೆಯವರು ಹೇಳುವುದುಂಟು. ಪುಣ್ಯವಂತರು, ತುಂಬಿಕೊಳ್ಳಲಿ. ನನಗೆ ಮಾತ್ರ ಸಿಟ್ಟು ನೆತ್ತಿಗೇರುತ್ತದೆ. ತೊಂಬತ್ತರ ಹತ್ತಿರ ಬಂದ ಮುದುಕಿಗೆ ಇಷ್ಟು ಸಿಟ್ಟು ಒಳ್ಳೆಯದಲ್ಲ, ಸತ್ತವರ ಮೇಲೆ ಎಂಥ ಸಿಟ್ಟು ಅಂತ ಸೊಸೆ ಬುದ್ಧಿ ಹೇಳುತ್ತಾಳೆ. ಸತ್ತರೇನು? ಬದುಕಿದ್ದಾಗ ಕೇಳಬೇಕಾದ್ದನ್ನು ಕೇಳಲು ಅವರು ಬಿಟ್ಟಿದ್ದರೆ ತಾನೆ?

ಹೊಸೂರಿನ ಕಡೆಯ ಗುಮ್ಮಳಾಪುರದ ನಮ್ಮ ಮನೆ ಈಗಿಲ್ಲ. ಇದ್ದಾಗ ಅದಕ್ಕೊಂದು ಉಸಿರಿತ್ತು. ಒಳಗೆ ಕಾಲಿಟ್ಟರೆ ಮೊದಲು ದನಗಳ ಬಿಸಿ, ಆಮೇಲೆ ಬೇಯುತ್ತಿರುವ ಹುರುಳಿಯ ಘಮ, ಇನ್ನೂ ಒಳಗೆ ಹೋದರೆ ಕಣಜದ ಕೋಣೆಯ ರಾಗಿ ಧೂಳಿನ ತಣ್ಣನೆಯ ವಾಸನೆ. ಮನೆಯ ಯಜಮಾನಿ ಅಜ್ಜಿ. ಹೊಲ ನೋಡಿಕೊಳ್ಳುವವನು ಚಿಕ್ಕಪ್ಪ. ಅವ್ವ ಎಲ್ಲರ ಮಾತಿಗೂ ತಲೆಯಾಡಿಸುವವಳು. ಮಕ್ಕಳಲ್ಲಿ ನಾನು ದೊಡ್ಡವಳು, ನನ್ನ ಹಿಂದೆ ಮಾದೇವ, ಕೊನೆಯವಳು ಗೌರಿ. ಅಪ್ಪ ಕೃಷ್ಣಗಿರಿಯ ಕಚೇರಿಯಲ್ಲಿ ಗುಮಾಸ್ತ. ಅಲ್ಲೇ ಕೋಣೆ ಮಾಡಿಕೊಂಡಿದ್ದ. ಅದು ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ರಜೆ ಸಿಕ್ಕಾಗ ಹೊಸೂರಿನವರೆಗೆ ಅಂಥ ಬಸ್ಸಿನಲ್ಲಿ, ಅಲ್ಲಿಂದ ಸಿಕ್ಕ ಗಾಡಿಯಲ್ಲಿ ಬಂದು, ಕತ್ತಿನ ಪಟ್ಟಿಯೆಲ್ಲ ಮಸಿ ಮಾಡಿಕೊಂಡು ಅಪ್ಪ ಬಾಗಿಲಲ್ಲಿ ನಿಲ್ಲುತ್ತಿದ್ದ. ಹೆಗಲ ಮೇಲೆ ಮೂರುಕಾಲಿನ ಸ್ಟ್ಯಾಂಡು, ಕೈಯಲ್ಲಿ ಕ್ಯಾಮೆರಾ ಪೆಟ್ಟಿಗೆ. ನಾವು ಓಡಿ ಹೋದರೆ, "ದೂರ, ದೂರ, ಪೆಟ್ಗೆ ಮುಟ್ಬ್ಯಾಡಿ" ಅನ್ನುತ್ತಿದ್ದ. ಹದಿನೈದು ದಿನಕ್ಕೊಮ್ಮೆ ಬರುವ ಅಪ್ಪನಿಂದ ನಮಗೆ ಸಿಗುತ್ತಿದ್ದ ಮೊದಲ ಮಾತು ಅದು.

ಆ ಕ್ಯಾಮೆರಾ ಅವನಿಗೆ ಕೃಷ್ಣಗಿರಿಯ ಒಂದು ತಮಿಳರ ಸ್ಟುಡಿಯೋದಿಂದ ಬಂದದ್ದು. ಮರದ ಪೆಟ್ಟಿಗೆ, ಕುಲುಮೆಯ ತಿದಿಯಂತೆ ಹಿಗ್ಗಿ ಕುಗ್ಗುವ ತೊಗಲು, ಮೇಲೆ ಹೊದೆಯಲು ಕರೀ ಬಟ್ಟೆ. ಫಿಲ್ಮ್ ಅಲ್ಲ, ಗಾಜಿನ ಪ್ಲೇಟು; ಅಂಗೈಗಿಂತ ಕೊಂಚ ದೊಡ್ಡದು. ವಿದ್ಯೆಯನ್ನೂ ಆ ಸ್ಟುಡಿಯೋದವರೇ ಕಲಿಸಿದ್ದರಿಂದ ಅಪ್ಪನ ಫೋಟೋ ಭಾಷೆ ತಮಿಳು. ಉಳಿದೆಲ್ಲಕ್ಕೂ ಕನ್ನಡ, ಬಟ್ಟೆಯೊಳಗೆ ತಲೆ ತೂರಿಸಿದನೆಂದರೆ, "ಅಸೈಯಾದೆ!" ಅಲ್ಲಾಡಬೇಡ ಅಂತ. ಬೆಳಿಗ್ಗೆಯೇ ಅವ್ವ ನಮ್ಮ ತಲೆಗೆ ಎಣ್ಣೆ ಇಕ್ಕಿ, ಬಿಗಿಯಾಗಿ ಹೆಣೆದು, ಕನಕಾಂಬರ ಮುಡಿಸಿ ಜಗಲಿಯ ಕಂಬದ ಮುಂದೆ ನಿಲ್ಲಿಸುತ್ತಿದ್ದಳು. ಅಪ್ಪ ಮಸೂರದ ಮುಚ್ಚಳ ತೆಗೆದು, ಬಾಯಲ್ಲೇ ಎಣಿಸಿ, ಮತ್ತೆ ಮುಚ್ಚುವವರೆಗೆ ರೆಪ್ಪೆ ಹೊಡೆಯುವ ಹಾಗಿಲ್ಲ. ಮೂಗಿನ ಮೇಲೆ ನೊಣ ಕೂತರೂ ಕೂತಿರಲಿ. ಅಲ್ಲಾಡಿದವರ ಮುಖ ಪ್ಲೇಟಿನಲ್ಲಿ ಹೊಗೆಯಾಗಿ ಬರುತ್ತಿತ್ತು, ಬೆನ್ನ ಮೇಲೆ ಏಟೂ ಬೀಳುತ್ತಿತ್ತು. ಊರಿನವರು, "ಮಕ್ಳು ಅಂದ್ರೆ ಎಷ್ಟು ಪ್ರಾಣ ನೋಡಪ್ಪ ಗುಮಾಸ್ತಂಗೆ" ಅಂತ ಜಗಲಿಯ ಎದುರು ನಿಂತು ಹೊಗಳುತ್ತಿದ್ದರು. ಪ್ರಾಣವಂತೆ! ಕರೀ ಬಟ್ಟೆಯೊಳಗಿನಿಂದ ತಲೆಕೆಳಗಾಗಿ ಕಾಣುವ ನಮ್ಮ ಮೇಲಿತ್ತೇನೋ ಅವನ ಪ್ರಾಣ. ಬಟ್ಟೆಯಿಂದ ತಲೆ ಹೊರಗೆ ಬಂದ ಮೇಲೆ ನಾವು ಅವನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಮಾದೇವನೂ ನಾನೂ ಏಟಿನ ಭಯಕ್ಕೆ ಕಲ್ಲಾಗುವುದನ್ನು ಕಲಿತೆವು. ಗೌರಿ ಕಲಿಯಲಿಲ್ಲ. ಅವಳಿಗೆ ಆಗ ನಾಲ್ಕು ವರ್ಷವಿದ್ದೀತು. ಮುಚ್ಚಳ ತೆಗೆದ ಕೂಡಲೇ ಅವಳ ಯಾವುದೋ ಒಂದು ಅಂಗ ತಾನಾಗಿ ಕುಣಿಯುತ್ತಿತ್ತು. ಕೋಳಿ ಕಂಡರೆ ತಿರುಗುವಳು, ನನ್ನ ಲಂಗ ಎಳೆಯುವಳು, ಏನೂ ಇಲ್ಲದಿದ್ದರೆ ಕಿಸಕ್ಕನೆ ನಗುವಳು. ಏಟು ತಿಂದು ಅತ್ತು, ಮೂಗು ಒರೆಸಿಕೊಂಡು, ಮರುಗಳಿಗೆ ಕೊಟ್ಟಿಗೆಗೆ ಹೋಗಿ ಕರುವಿನ ಮುಂದೆ ನಿಂತು ಅಪ್ಪನ ಗಂಟಲಿನಲ್ಲೇ "ಅಸೈಯಾದೆ!" ಅಂತ ಗದರುವಳು. ಕರು ಕಿವಿ ಅಲ್ಲಾಡಿಸಿದರೆ ಅದರ ಬೆನ್ನಿಗೆ ಪುಟ್ಟ ಕೈಯಿಂದ ಒಂದು ಕೊಟ್ಟು, ಆಮೇಲೆ ಅದರ ಕತ್ತು ತಬ್ಬಿಕೊಳ್ಳುವಳು. ಒಮ್ಮೆ ಅಪ್ಪ ತನ್ನ ಹೆಗಲ ವಲ್ಲಿಯಿಂದ ಅವಳನ್ನು ಕಂಬಕ್ಕೆ ಕಟ್ಟಿದ್ದೂ ಉಂಟು. ಕಟ್ಟಿದರೂ ತಲೆ ಆಡಿಸಿದಳು. ಎಷ್ಟು ಪ್ಲೇಟು ಹಾಳಾದವೆಂದು ಅವನಿಗೆ ಸಂಕಟ. ಯುದ್ಧದ ದೆಸೆಯಿಂದ ಪ್ಲೇಟೇ ಸಿಗುತ್ತಿರಲಿಲ್ಲ, ಫೋಟೋ ಮೂಡಿಸುವ ಕಾಗದವಂತೂ ಪೂರ್ತಿ ನಿಂತುಹೋಗಿತ್ತು. ಅಪ್ಪ ಕಣಜದ ಕೋಣೆಯ ಕತ್ತಲೆಯಲ್ಲಿ ಲಾಟೀನಿಗೆ ಕೆಂಪು ಬಟ್ಟೆ ಸುತ್ತಿ ಪ್ಲೇಟು ತೊಳೆದು, ಒಣಗಿಸಿ, ಟ್ರಂಕಿನಲ್ಲಿ ಜೋಡಿಸಿಡುತ್ತಿದ್ದ. ಯುದ್ಧ ಮುಗಿದು ಕಾಗದ ಬಂದ ಮೇಲೆ ಎಲ್ಲವನ್ನೂ ಮೂಡಿಸಬೇಕೆಂದು ಅವನ ಲೆಕ್ಕ.

ಆ ದಿನ ಬೆಳಿಗ್ಗೆ ಎಣ್ಣೆ ಹಚ್ಚುವಾಗಲೇ ಅವ್ವ ಗೌರಿಯ ಹಣೆ ಮುಟ್ಟಿ ನೋಡಿದ್ದಳು. ಅಪ್ಪ ಸ್ಟ್ಯಾಂಡು ಹೂಡಿ ಆಗಿತ್ತು. ನಾವು ಮೂವರೂ ಕಂಬದ ಮುಂದೆ ನಿಂತೆವು. ಅವಳ ಕೈ ನನ್ನ ಕೈಯಲ್ಲಿತ್ತು, ಕಾದ ಹೆಂಚಿನ ಹಾಗೆ. ಅವ್ವ ಬಾಗಿಲ ಮರೆಯಿಂದಲೇ, "ಮಗೀಗೆ ಮೈ ಬೆಚ್ಚಗದೆ, ಒಳಕ್ಕೆ ಕಳ್ಸಿ" ಅಂದಳು. ಅಪ್ಪ ಬಟ್ಟೆಯೊಳಗಿನಿಂದಲೇ, "ಬಿಸ್ಲಲ್ಲಿ ನಿಂತ್ರೆ ಯಾರ ಮೈಯಾದ್ರೂ ಬೆಚ್ಚಗಾಯ್ತದೆ" ಅಂದ. ಮುಚ್ಚಳ ತೆಗೆದ. ಕೋಳಿ ಬಂತು, ಹೋಯಿತು. ಗೌರಿ ತಿರುಗಲಿಲ್ಲ, ನಗಲಿಲ್ಲ, ಲಂಗ ಎಳೆಯಲಿಲ್ಲ. ಎರಡು ಕಣ್ಣನ್ನೂ ಮಸೂರಕ್ಕೆ ನೆಟ್ಟು ನಿಂತಳು. ಮುಚ್ಚಳ ಹಾಕಿ ತಲೆಯೆತ್ತಿದ ಅಪ್ಪನ ಮುಖ ಅರಳಿದ್ದನ್ನು ನಾನು ಇನ್ನೂ ಮರೆತಿಲ್ಲ. "ನೋಡ್ದೇನೆ, ನನ್ ಮಗ್ಳು ಇವತ್ತು ಎಂಗೆ ನಿಂತ್ಕಂಡವ್ಳೆ! ಅಂತೂ ಬುದ್ಧಿ ಬಂತು" ಅಂತ ಅವ್ವನನ್ನು ಕೂಗಿ ಹೇಳಿದ. ಜನ್ಮದಲ್ಲಿ ಮೊದಲ ಸಲ ಗೌರಿಯ ತಲೆ ಸವರಿದ. ಸವರಿದ ಕೈಗೂ ಗೊತ್ತಾಗಲಿಲ್ಲವೇ, ಅದು ಸುಡುತ್ತಿತ್ತೆಂದು? ಅಲ್ಲಾಡಲು ಮಗುವಿನಲ್ಲಿ ತ್ರಾಣವೇ ಇರಲಿಲ್ಲ. ಅದನ್ನು ಅವನು ಬುದ್ಧಿ ಅಂದುಕೊಂಡ. ಪ್ಲೇಟನ್ನು ಎದೆಗವಚಿಕೊಂಡು ಕಣಜದ ಕೋಣೆಗೆ ಹೋದ.

ಅಪ್ಪ ಕೃಷ್ಣಗಿರಿಗೆ ಹೊರಟಾಗ ಅವಳು ಮಲಗಿದ್ದಳು. ಮತ್ತೆ ಅವನಿಗೆ ಸುದ್ದಿ ಮುಟ್ಟಿ ಅವನು ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಬಂದವನು ಗೋಡೆಗೆ ತಲೆ ಕೊಟ್ಟು ಅತ್ತ. ಅತ್ತದ್ದು ಸುಳ್ಳಲ್ಲ, ಅದನ್ನೂ ಹೇಳಬೇಕು. ಆದರೆ ಹೊರಡುವ ಮುಂಚೆ ಅವ್ವನನ್ನು ಕರೆದು ಸಮಾಧಾನ ಹೇಳಿದ ರೀತಿ ಕೇಳಿ: "ಬುಡು, ಒಂದ್ರಲ್ಲಾದ್ರೂ ಮಕ ಚೆನ್ನಾಗಿ ಬಂದದೆ."

ಕಾಗದದ ಮೇಲೆ ಮೂಡಿಸುವವರೆಗೆ ಕಾಯಲು ಅವ್ವನಿಂದ ಆಗಲಿಲ್ಲ. ಆ ಪ್ಲೇಟಿನಲ್ಲಿ ನೇರವಾಗಿ ನೋಡಿದರೆ ಎಲ್ಲ ತಿರುವುಮುರುವು: ಮುಖ ಕಪ್ಪು, ಕೂದಲು ಬಿಳಿ. ಆದರೆ ಕಪ್ಪು ಬಟ್ಟೆಯ ಮೇಲಿಟ್ಟು, ಬೆಳಕಿಗೆ ಕೊಂಚ ಓರೆ ಮಾಡಿದರೆ ಬಣ್ಣಗಳು ತಮ್ಮ ತಮ್ಮ ಜಾಗಕ್ಕೆ ಬಂದುಬಿಡುತ್ತವೆ. ಇದನ್ನು ಅವ್ವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಿರುಗಿಸಿ ತಿರುಗಿಸಿ ತಾನೇ ಕಂಡುಕೊಂಡಿದ್ದಳು. ಮಧ್ಯಾಹ್ನ ಅಜ್ಜಿ ಅಡ್ಡಾದಾಗ ಟ್ರಂಕು ತೆಗೆದು, ಹರಿದ ಕೊಡೆಯ ಬಟ್ಟೆಯನ್ನು ಮಡಿಲಲ್ಲಿ ಹಾಸಿ, ಅದರ ಮೇಲೆ ಗಾಜು ಇಟ್ಟುಕೊಂಡು ಕೂರುವಳು. ನನ್ನನ್ನೂ ಕರೆದು ತೋರಿಸಿದಳು. ಕರೀ ಬಟ್ಟೆಯೊಳಗಿನಿಂದ ಗೌರಿ ನಿಧಾನವಾಗಿ ಮೇಲೆ ಬಂದಳು: ಕನಕಾಂಬರ, ಹಣೆಯ ಬೊಟ್ಟು, ಸೋತ ಕಣ್ಣು. ಬರಬರುತ್ತ ಆ ಒಂದು ಪ್ಲೇಟನ್ನಷ್ಟೇ ಅಲ್ಲ, ಉಳಿದವನ್ನೂ ತೆಗೆದು ನೋಡತೊಡಗಿದಳು, ಹೊಗೆಯಾಗಿ ಬಂದವನ್ನೂ.

ಅಜ್ಜಿಗೆ ಇದು ಗೊತ್ತಾಯಿತು. ಅವ್ವ ಆಗ ಮತ್ತೆ ಬಸುರಿ. ಅಜ್ಜಿ ಪ್ಲೇಟನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ ಬೆಚ್ಚಿಬಿದ್ದಳು. "ಇದ್ರ ಮಕ ನೋಡ್ಲಾ, ಇದ್ದಿಲು ಇದ್ದಂಗದೆ, ಕೂದ್ಲು ಬೆಳ್ಳಗೆ! ನಮ್ ಗೌರಿ ಇಂಗಿದ್ಲೇನ್ಲಾ? ಸತ್ತ ಮಗೀನ ದಿನಾ ಇಂಗೆ ಕರೀತಾ ಕುಂತ್ರೆ ಅದು ಮನೆ ಬುಟ್ಟು ಎಂಗೆ ಓದಾತು? ಒಟ್ಟೇಲಿರೋದ್ರ ಗತಿಯೇನು?" ಅಂತ ಚಿಕ್ಕಪ್ಪನಿಗೆ ಹೇಳಿದಳು. ಚಿಕ್ಕಪ್ಪನ ತಲೆ ಬೇರೆ ದಾರಿಯಲ್ಲಿ ಓಡಿತು. ಯುದ್ಧದಿಂದಾಗಿ ಗಾಜೂ ಸಿಗುತ್ತಿರಲಿಲ್ಲ. ದೇವರ ಕೋಣೆಯ ಪುಟ್ಟ ಪಟಗಳೆಲ್ಲ ಗಾಜಿಲ್ಲದೆ ಹೊಗೆ ಹಿಡಿದು ಕೂತಿದ್ದವು. ಟ್ರಂಕಿನ ತುಂಬ ಒಳ್ಳೆಯ ಗಾಜು! ಅವ್ವ ರಾಗಿ ಹೊಲಕ್ಕೆ ಕಳೆ ಕೀಳಲು ಹೋದ ಹೊತ್ತು ನೋಡಿ ಹಂಡೆಯಲ್ಲಿ ನೀರು ಕಾಯಿಸಿದ, ಬೂದಿ ಸುರಿದ, ಒಂದೊಂದೇ ಪ್ಲೇಟು ಮುಳುಗಿಸಿ ತೆಂಗಿನ ನಾರಿನಲ್ಲಿ ತಿಕ್ಕತೊಡಗಿದ. ಲೋಳೆ ಲೋಳೆಯಾಗಿ ಕರೀ ಪೊರೆ ಎದ್ದು ಹಿತ್ತಲ ಕಾಲುವೆಗೆ ಹರಿಯಿತು. ನಾನು ಓಡಿ ಹೋಗಿ, "ಅದ್ರಾಗೆ ಗೌರಿ ಅವ್ಳೆ ಚಿಕ್ಕಪ್ಪ!" ಅಂತ ಕಿರುಚಿ ಅವನ ತೋಳು ಹಿಡಿದು ಜಗ್ಗಿದೆ. ಅಜ್ಜಿ ಹಿಂದಿನಿಂದ ಬಂದು ನನ್ನನ್ನು ಬಿಗಿಯಾಗಿ ಹಿಡಿದುಕೊಂಡಳು. ಚಿಕ್ಕಪ್ಪ ಕೋಪವನ್ನೂ ಮಾಡಿಕೊಳ್ಳಲಿಲ್ಲ. "ಗೌರಿ ಸಿವನ ಪಾದ ಸೇರ್ಕಂಡ್ಳು ಕಣಮ್ಮಿ. ಇದು ಬರೀ ಗಾಜು" ಅಂದ. ಒಂದು ಪ್ಲೇಟಿನ ಅಂಚು ಅವನ ಬೆರಳಿಗೆ ಕಚ್ಚಿತು. ರಕ್ತ ಚೀಪಿ, "ಈ ಅಂಚು ಕೈ ಕುಯ್ತದೆ. ಓಗ್ಲಿ, ಪಟದ ಕಟ್ಟೊಳಗೆ ಮುಚ್ಕಂಡೋಯ್ತದೆ ಬುಡು" ಅಂತ ಅದನ್ನು ಹಾಗೇ ಪಕ್ಕಕ್ಕಿಟ್ಟ. ಕೊಸರಿಕೊಂಡು ನಾನು ಹೊಲಕ್ಕೆ ಓಡಿದೆ.

ಅವ್ವ ಕೆಸರುಗೈಯಲ್ಲೇ ಬಂದಳು. ಗಾಜುಗಳೆಲ್ಲ ಸಾಲಾಗಿ ಗೋಡೆಗೆ ಒರಗಿ ಬಿಸಿಲಿಗೆ ಒಣಗುತ್ತಿದ್ದವು. ಒಂದೊಂದರ ಹಿಂದೆಯೂ ಗೋಡೆಯ ಕೆಮ್ಮಣ್ಣು ಕಾಣುತ್ತಿತ್ತು. ಅವ್ವ ಕೂಗಾಡಲಿಲ್ಲ. ಒಳಗೆ ಹೋಗಿ ಕೊಡೆಯ ಬಟ್ಟೆ ತಂದು, ಅಲ್ಲೇ ನೆಲದ ಮೇಲೆ ಕೂತು, ಒಂದು ಗಾಜು ಅದರ ಮೇಲಿಟ್ಟು ಓರೆ ಮಾಡಿ ನೋಡಿದಳು. ಅದನ್ನಿಟ್ಟು ಇನ್ನೊಂದನ್ನು ನೋಡಿದಳು. ಎರಡರಲ್ಲೂ ಬಟ್ಟೆಯ ಕಪ್ಪು ಮಾತ್ರ ಕಂಡಿತು. ಉಳಿದವನ್ನು ಅವಳು ಎತ್ತಲೇ ಇಲ್ಲ.

ಅಪ್ಪ ಮುಂದಿನ ಸಲ ಬಂದಾಗ ದೇವರ ಕೋಣೆಯ ಪಟಗಳೆಲ್ಲ ಹೊಸ ಗಾಜಿನಲ್ಲಿ ಥಳಥಳ ಅನ್ನುತ್ತಿದ್ದವು. ಮನೆ ಹತ್ತಿ ಉರಿಯುತ್ತದೆಂದು ನಾನು ಕಾದು ನಿಂತಿದ್ದೆ. ಉರಿಯಲಿ ಅಂತಲೇ ಆಸೆಪಟ್ಟಿದ್ದೆ. ಮೂಗು ತುರಿಸಿದ್ದಕ್ಕೆ ಮಕ್ಕಳ ಬೆನ್ನಿಗೆ ಬಾರಿಸುತ್ತಿದ್ದವನು ತಮ್ಮನಿಗೆ, "ಎಲ್ಲಾನೂ ತೊಳ್ದುಬುಟ್ಯಾ?" ಅಂದ. "ಊಂ ಕಣಣ್ಣ. ಒಂದೂ ಒಡೀಲಿಲ್ಲ" ಅಂದ ಚಿಕ್ಕಪ್ಪ. ಅಪ್ಪ ಕೈಕಾಲು ತೊಳೆದು ಊಟಕ್ಕೆ ಕೂತ. ಅಷ್ಟೇ. ಅಣ್ಣತಮ್ಮಂದಿರ ನಡುವೆ ಮಾತು ಬರಬಾರದಲ್ಲ! ಮುದ್ದೆ ಮುರಿದು ನುಂಗಿದ ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಯುದ್ಧ ಮುಗಿದು, ಒಂದು ದಿನ ಅಪ್ಪ ಹೊಸ ಪ್ಲೇಟಿನ ಡಬ್ಬಿ, ಕಾಗದ ಎರಡನ್ನೂ ತಂದ. ಬೆಳಿಗ್ಗೆ ಸ್ಟ್ಯಾಂಡು ಹೂಡಿ ನನ್ನನ್ನೂ ಮಾದೇವನನ್ನೂ ಕಂಬದ ಮುಂದೆ ನಿಲ್ಲಿಸಿ, ಆಮೇಲೆ ಹುಟ್ಟಿದ್ದ ತಮ್ಮನನ್ನು ನಮ್ಮ ನಡುವೆ ನಿಲ್ಲಿಸಿದ. ಬಟ್ಟೆಯೊಳಗೆ ತಲೆ ಹೋಯಿತು. "ಅಸೈಯಾದೆ!" ಅಂದ ಕೂಡಲೇ ಮನೆಯೊಳಗಿಂದ ಅವ್ವ ಬಂದಳು. ಗಂಡನ ಎದುರು ನಿಂತು ಮಾತಾಡಿದವಳಲ್ಲ ಅವಳು. ನೇರ ಕ್ಯಾಮೆರಾದ ಮುಂದೆ ನಿಂತು, "ನನ್ ಮಕ್ಳು ಅಲ್ಲಾಡ್ಲಿ ಬುಡಿ. ಅಲ್ಲಾಡ್ತಿದ್ರೇನೆ ಬದ್ಕವೆ ಅಂತ ನಂಗೆ ಗೊತ್ತಾಗೋದು" ಅಂದಳು. ಮಗುವನ್ನು ಸೊಂಟಕ್ಕೆತ್ತಿಕೊಂಡು, ನಮ್ಮಿಬ್ಬರನ್ನೂ ಒಳಗೆ ನಡೆಸಿಕೊಂಡು ಹೋದಳು. ಅಪ್ಪ ಬಹಳ ಹೊತ್ತು ಆ ಕರೀ ಬಟ್ಟೆಯಿಂದ ತಲೆ ಹೊರಗೆ ತೆಗೆಯಲಿಲ್ಲ. ಆಮೇಲೆ ಅವನು ನಮ್ಮ ಫೋಟೋ ತೆಗೆದದ್ದಿಲ್ಲ.

ಎಲ್ಲರೂ ಹೋದರು. ಮನೆ ಕೆಡವಿದಾಗ ಚಿಕ್ಕಪ್ಪನ ಮಗಳು ದೇವರ ಕೋಣೆಯಿಂದ ಒಂದು ಶಿವಪಾರ್ವತಿ ಪಟ ತಂದು ನನಗೆ ಕೊಟ್ಟಳು. ನಾನು ಅದಕ್ಕೆ ಎಂದೂ ಕೈಮುಗಿಯಲಿಲ್ಲ, ಬಿಸಾಡಲೂ ಆಗಲಿಲ್ಲ. ಮೊನ್ನೆ ಗೆದ್ದಲು ತಿಂದ ಕಟ್ಟು ಕೈಯಲ್ಲೇ ಪುಡಿಯಾಗಿ ಗಾಜು ಹೊರಗೆ ಬಂತು. ಅದರ ಒಂದು ಅಂಚಿನಲ್ಲಿ, ಮರದೊಳಗೆ ಮುಚ್ಚಿಹೋಗಿದ್ದ ಕಡೆ, ಬೆರಳಗಲದ ಕಪ್ಪು ಪಟ್ಟಿ. ಕೈ ಕುಯ್ದದ್ದಕ್ಕೆ ಚಿಕ್ಕಪ್ಪ ತಿಕ್ಕದೆ ಬಿಟ್ಟ ಅಂಚು. ಮನೆಯೆಲ್ಲ ಹುಡುಕಿಸಿ ಒಂದು ಕಪ್ಪು ಕೊಡೆ ತರಿಸಿ, ಬಿಡಿಸಿ, ಅದರ ಮೇಲೆ ಗಾಜು ಇಟ್ಟು ಅವ್ವನ ಹಾಗೆ ಓರೆ ಮಾಡಿದೆ. ಜಗಲಿಯ ಕಲ್ಲು ಕಂಡಿತು. ಅದರ ಮೇಲೆ ನನ್ನ ಎರಡು ಪಾದ, ಉಗುರು ಎಣಿಸಬಹುದು. ಮಾದೇವನ ಎರಡು ಪಾದ, ಕಲ್ಲಿನಲ್ಲಿ ಕೆತ್ತಿದ ಹಾಗೆ. ಪಕ್ಕದಲ್ಲಿ ಒಂದು ಪುಟ್ಟ ಪಾದ, ಗೆಜ್ಜೆ ಸಮೇತ. ಅದರ ಜೊತೆಯ ಇನ್ನೊಂದು ಇರಬೇಕಾದ ಜಾಗದಲ್ಲಿ ಬರೀ ಒಂದು ಬೆಳ್ಳನೆಯ ಹೊಗೆ. ಇದು ಯಾವ ಭಾನುವಾರದ್ದೋ ತಿಳಿಯದು, ಆ ದಿನದ್ದಂತೂ ಅಲ್ಲ. ಅಪ್ಪ ಬಟ್ಟೆಯೊಳಗಿಂದ ಗದರಿರುತ್ತಾನೆ, ಆಮೇಲೆ ಏಟೂ ಬಿದ್ದಿರುತ್ತದೆ. ಆದರೂ ಆ ಕಾಲು ಅಲ್ಲಾಡಿದೆ.