ಕಾಶ್ಮೀರಕ್ಕೆಂದು ನೇಯಿಸಿದ ಕಂಬಳಿ

ನಮ್ಮಪ್ಪನಿಗೆ ಸಮುದ್ರದ ಹುಚ್ಚು ಹತ್ತಿದ್ದು ಕೊಪ್ಪಳದ ಸುಡುಬಿಸಿಲಿನಲ್ಲಿ. ಅವನು ಸಮುದ್ರ ನೋಡಿದವನೇ ಅಲ್ಲ. ಮುಂಬಯಿಯ ಹತ್ತಿ ದಲಾಲರೊಬ್ಬರು ನಮ್ಮ ಪಡಸಾಲೆಯಲ್ಲಿ ಕೂತು, ತಮ್ಮ ಮನೆಮಂದಿಯೆಲ್ಲ ಹಡಗಿನಲ್ಲಿ ಕರಾಚಿಗೆ ಹೋಗಿ, ಅಲ್ಲಿಂದ ರೈಲು, ಮೋಟಾರು ಹಿಡಿದು ಕಾಶ್ಮೀರ ಸೇರಿ, ನೀರಿನ ಮೇಲೆ ತೇಲುವ ಮನೆಯಲ್ಲಿ ಹದಿನೈದು ದಿನ ಇದ್ದು ಬಂದದ್ದನ್ನು ಹೇಳಿದರು. ಬೇಸಿಗೆಯಲ್ಲೂ ಅಲ್ಲಿ ಗುಡ್ಡದ ಮೇಲೆ ಹಿಮ ಬಿದ್ದಿರುತ್ತದಂತೆ. ಮರುದಿನವೇ ಅಪ್ಪ ಉರ್ದು ಶಾಲೆಯ ಮಾಸ್ತರರಿಂದ ನಕಾಶೆ ಕೇಳಿ ತಂದು ಗೋಡೆಗೆ ತೂಗುಹಾಕಿದ. ಬೇಸಿಗೆಯ ಕೊನೆಗೆ, ಮಳೆಗಾಳಿಗೆ ಸಮುದ್ರ ಕೆರಳುವ ಮುಂಚೆ ಹೊರಡುವುದೆಂದು ಗೊತ್ತಾಯಿತು. ಆಗ ನನಗೆ ಹನ್ನೊಂದು ವರ್ಷ. ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ.

ಚಳಿಯೆಂದರೆ ನಮಗೆ ಗೊತ್ತಿದ್ದದ್ದು ಕಂಬಳಿ ಒಂದೇ. ಕುಷ್ಟಗಿ ಕಡೆಯ ನೇಕಾರರಿಗೆ ಹೇಳಿ ಅಪ್ಪ ನಾಲ್ಕು ಕರಿ ಕಂಬಳಿ ನೇಯಿಸಿದ: ತನಗೆ, ಅವ್ವನಿಗೆ, ನನಗೆ, ಅತ್ತೆಗೆ. ಹುಣಸೆ ಬೀಜದ ಗಂಜಿ ಕುಡಿದ ಹೊಸ ಕಂಬಳಿಗಳು ಎಷ್ಟು ಬಿರುಸಾಗಿದ್ದವೆಂದರೆ, ಮಡಚಿ ನಿಲ್ಲಿಸಿದರೆ ತಾವೇ ನಿಲ್ಲುತ್ತಿದ್ದವು.

ಅತ್ತೆ ಅಂದರೆ ಅಪ್ಪನ ಅಕ್ಕ. ಮದುವೆಯಾದ ಎರಡನೇ ವರ್ಷಕ್ಕೇ ಗಂಡ ತೀರಿಕೊಂಡು, ಯಲಬುರ್ಗಿಯಿಂದ ತವರಿಗೆ ಬಂದವಳು. ಹತ್ತಿರದ ಇಟಗಿಯ ಗುಡಿಗೆ ಹೋಗಿಬಂದದ್ದೇ ಅವಳ ದೊಡ್ಡ ಪ್ರವಾಸ. ಯಾರನ್ನೂ ಏನನ್ನೂ ಕೇಳಿದವಳಲ್ಲ. ಈ ಸಲ ಮಾತ್ರ, ನಕಾಶೆ ಗೋಡೆಗೇರಿದ ದಿನವೇ, ಕೇಳಿದಳು.

"ನನ್ನೂ ಕರಕೊಂಡ ಹೋಗ್ತೀಯೇನೋ?"

"ನೀ ಬರದಿದ್ರ ಹಡಗ ಹೊಂಡೂದಿಲ್ಲವ್ವ" ಅಂದ ಅಪ್ಪ.

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿದಳು, ತಿಂಗಳಾದರೂ ಕೆಡದ ಖಟಿ ರೊಟ್ಟಿ ಬಡಿದು ಡಬ್ಬಿ ತುಂಬಿದಳು. ನನ್ನನ್ನು ಮೂಲೆಗೆ ಕರೆದು, "ಹಿಮ ಅಂಗೈಯಾಗ ಎಷ್ಟೊತ್ತು ಇರತೈತಿ? ಬಾಯಾಗ ಹಾಕ್ಕೊಂಡ್ರ ಮೈಲಿಗಿ ಏನಿಲ್ಲಲ್ಲ?" ಎಂದು ಪಿಸುಗುಟ್ಟುತ್ತಿದ್ದಳು. ನನಗಿಂತ ಮೂವತ್ತು ವರ್ಷ ದೊಡ್ಡವಳು, ಸಂಭ್ರಮದಲ್ಲಿ ನನಗಿಂತ ಚಿಕ್ಕವಳಾಗಿದ್ದಳು.

ಆದರೆ ದಲಾಲರು ಇನ್ನೊಂದು ಮಾತು ಹೇಳಿದ್ದರು: ಹಡಗಿನಲ್ಲಿ ಅರ್ಧ ಮಂದಿಗೆ ತಲೆ ತಿರುಗಿ ವಾಂತಿಯಾಗುತ್ತದೆ. ಅಪ್ಪನ ತಲೆಯಲ್ಲಿ ಅದು ಹುಳದಂತೆ ಕೊರೆಯಿತು. ಕೊನೆಗೆ ಒಂದು ಕಾಯಿದೆ ಹೊರಬಿತ್ತು. ಎಲ್ಲರೂ ಆನೆಗೊಂದಿಗೆ ಹೋಗಿ, ಹೊಳೆ ದಾಟಿಸುವ ಬುಟ್ಟಿಯಂಥ ಹರಗೋಲಿನಲ್ಲಿ ಕೂತು ಪರೀಕ್ಷೆ ಕೊಡಬೇಕು. "ತಲಿ ತಿರುಗಿದವರು ಮನಿ ಕಾಯಬೇಕು. ಯಾರಾದ್ರೂ ಸೈ!" ಹಡಗಿನ ಪರೀಕ್ಷೆಯನ್ನು ಬುಟ್ಟಿಯಲ್ಲಿ ಮಾಡುವ ಬುದ್ಧಿ ನಮ್ಮಪ್ಪನಿಗಲ್ಲದೆ ಬೇರೆ ಯಾರಿಗೆ ಹೊಳೆದೀತು!

ಗಂಗಾವತಿಯಲ್ಲಿ ನೆಂಟರ ಮನೆಯಲ್ಲಿ ಇಳಿದು, ಬೆಳಿಗ್ಗೆ ಬಂಡಿ ಕಟ್ಟಿಸಿ ಆನೆಗೊಂದಿ ಮುಟ್ಟಿದೆವು. ಚರ್ಮ ಹೊದಿಸಿದ ಬಿದಿರಿನ ಹರಗೋಲಿನಲ್ಲಿ ನಾಲ್ವರೂ ಕೂತೆವು. ಸಾಮಾನಿನ ಭಾರ ಇರಲೆಂದು ಅಪ್ಪ ಕಂಬಳಿಗಳನ್ನೂ ಹೇರಿಸಿದ.

"ಸಮುದ್ರದಾಗ ಹ್ಯಾಂಗ ಆಗತೈತೋ ಹಂಗ ತಿರುಗಸಪಾ" ಎಂದ ಅಪ್ಪ ಅಂಬಿಗನಿಗೆ.

"ಸಮುದ್ರ ನಾ ನೋಡಿಲ್ರಿ ಸಾವಕಾರ್ರ, ನನಗ ತಿಳಿದಂಗ ತಿರುಗಸ್ತೀನ್ರಿ" ಎಂದು ಅಂಬಿಗ ನಡುಹೊಳೆಯಲ್ಲಿ ಗರಗರ ತಿರುಗಿಸಿದ.

ಅವ್ವ ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದಳು. ಬಂಡೆಗುಡ್ಡಗಳೆಲ್ಲ ನನ್ನ ಸುತ್ತ ಓಡಿದವು. ಅತ್ತೆ ಕಣ್ಣು ಅರಳಿಸಿ ಬಾಯಿ ತುಂಬ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. "ಇನ್ನೊಮ್ಮೆ ತಿರುಗಸೋ" ಅಂದಳು!

ದಡ ಸೇರಿದ್ದೇ ತಡ, ಅಪ್ಪ ಬಂಡೆಯೊಂದರ ಹಿಂದೆ ಓಡಿದ. ಅವ್ವ ಉಸುಕಿನಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ಅತ್ತೆ ತಂಬಿಗೆ ಹಿಡಿದು ಅಪ್ಪನ ಹಿಂದೆ ಹೋದಳು, ಅವಳ ಹಿಂದೆ ನಾನು. ಬಂಡೆಗೆ ಕೈ ಕೊಟ್ಟು ಬಗ್ಗಿ, ಅಪ್ಪ ಕರುಳು ಕಿತ್ತು ಬರುವಂತೆ ಕಾರುತ್ತಿದ್ದ. ಅತ್ತೆ ತಂಬಿಗೆಯನ್ನು ಅವನ ಪಕ್ಕ ಇಟ್ಟು, ಅವ್ವನ ಹತ್ತಿರ ಬಂದು ತಲೆ ಹಿಡಿದುಕೊಂಡು ಕುಸಿದು ಕೂತಳು.

"ಅಯ್ಯಯ್ಯ, ಭಾಳ ತಿರುಗಾಕ ಹತ್ತೇತಿ. ನನ್ನ ಕೈಲಿ ಆಗೂದಿಲ್ಲವಾ ಈ ಹಡಗು."

ನಾನು ಬಾಯಿ ತೆರೆದೆ. ಅವಳು ನನ್ನ ತೊಡೆ ಹಿಂಡಿದಳು. ಅಪ್ಪ ಬಾಯಿ ಒರೆಸಿಕೊಳ್ಳುತ್ತ ಬಂದ, ಅತ್ತೆಯನ್ನು ನೋಡಿದ, ತಂಬಿಗೆಯನ್ನು ಅವಳ ಮುಂದೆ ಇಟ್ಟ. ಆಮೇಲೆ "ಅಕ್ಕಗ ಆಗಲಿಲ್ಲಲ್ಲ, ಬಿಡ್ರಿ. ಆಕಿನ್ನ ಒಬ್ಬಾಕಿನ್ನ ಬಿಟ್ಟು ಹ್ಯಾಂಗ ಹೋಗೂದು" ಅಂದ. ಆ ಕ್ಷಣದಲ್ಲಿ ಅಪ್ಪನ ಮೇಲೆ ನನಗೆ ಬಂದಷ್ಟು ಸಿಟ್ಟು ಬೇರೆ ಯಾರ ಮೇಲೂ ಬಂದಿಲ್ಲ.

ಬಂಡಿಯಲ್ಲಿ ಅತ್ತೆ ನನ್ನ ಕಿವಿಯಲ್ಲಿ ಹೇಳಿದಳು: "ನಿಮ್ಮಪ್ಪನ ಮಾತು ಊರಾಗ ನಾಕ ಮಂದಿ ಕೇಳ್ತಾರ. ಅವನ್ನ ನೋಡಿ ಅವ್ರು ನಗಬಾರದು. ನನ್ನ ತಲಿ ತಿರುಗಿದ್ರ ಯಾರೇನಂತಾರ?"

ಕಾಶ್ಮೀರದ ಪ್ರವಾಸ ವಿಧವೆ ಅಕ್ಕನ ಸಲುವಾಗಿ ನಿಂತಿತೆಂದು ಕೊಪ್ಪಳದಲ್ಲೆಲ್ಲ ಸುದ್ದಿಯಾಯಿತು. ಮನೆಗೆ ಬಂದವರೆಲ್ಲ ಅವಳನ್ನೇ ಆಡಿಕೊಳ್ಳುವರು, ಅಪ್ಪ ಎಲೆ ಅಡಿಕೆ ಹಾಕಿಕೊಳ್ಳುವನು. ಡಬ್ಬಿಯ ರೊಟ್ಟಿಗಳನ್ನು ನಾವೇ ತಿಂದು ಮುಗಿಸಿದೆವು.

ನಾವು ರೈಲು ಹತ್ತಬೇಕಾಗಿದ್ದ ದಿನ ಮಧ್ಯಾಹ್ನ ಅತ್ತೆ ಎಲ್ಲೂ ಕಾಣಲಿಲ್ಲ. ಹುಡುಕಿಕೊಂಡು ಮಾಳಿಗೆ ಹತ್ತಿದರೆ, ಕಾದ ಮಣ್ಣಿನ ಮೇಲೆ, ಆ ಬಿಸಿಲಿನಲ್ಲಿ, ಕಂಬಳಿ ಹೊದ್ದು ಕೂತಿದ್ದಾಳೆ!

"ಏನ್ ಮಾಡಾಕ ಹತ್ತೀ ಅತ್ತಿ?"

"ಏನಿಲ್ಲ, ಚುಚ್ಚತೈತೇನು ನೋಡಾಕ ಹತ್ತೀನಿ."

ನನ್ನ ಹಿಂದೆಯೇ ಅಪ್ಪ ಬಂದಿದ್ದ. ಅವಳನ್ನು ನೋಡಿ ಸರಸರ ಕೆಳಗಿಳಿದ. ಓಡಿಹೋದ ಎಂದುಕೊಂಡು ಮನಸ್ಸಿನಲ್ಲೇ ಬೈದೆ. ಸ್ವಲ್ಪ ಹೊತ್ತಿಗೆ ತನ್ನ ಕಂಬಳಿ ಹೊದ್ದು ಮತ್ತೆ ಹತ್ತಿ ಬಂದು, ಅಕ್ಕನ ಪಕ್ಕ ಕೂತ. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

"ಅಕ್ಕಾ, ಪಡಸಾಲ್ಯಾಗ ಕುಂತವ್ರಿಗೆಲ್ಲಾ ಹೇಳಿ ಬಂದೀನಿ. ಅವತ್ತು ತಲಿ ತಿರುಗಿದ್ದು ನನಗ ಅಂತ."

ಅತ್ತೆ ಅವನ ಕಡೆ ನೋಡಲಿಲ್ಲ. "ರೈಲ ಹೋಗೂಕಿಂತ ಮೊದಲ ಹೇಳಬೇಕಿತ್ತಲೋ, ತಮ್ಮಾ" ಅಂದಳು. ಆಮೇಲೆ ಸೆರಗಿನಿಂದ ಅವನ ಹಣೆ ಒರೆಸಿದಳು.

"ಮುಂದಿನ ವರ್ಷ ಖರೇ ಹೋಗೂಣು" ಅಂದ ಅಪ್ಪ. ಅತ್ತೆ ನಂಬಿದಳು, ನಾನೂ ನಂಬಿದೆ. ಮುಂದಿನ ವರ್ಷ ಯುದ್ಧ ಬಂತು. ಅದು ಮುಗಿಯುವುದರೊಳಗೆ ಅತ್ತೆ ಇರಲಿಲ್ಲ. ಆಮೇಲೆ ಕರಾಚಿಯೇ ಬೇರೆ ದೇಶಕ್ಕೆ ಹೋಯಿತು. ಅವಳ ಕಂಬಳಿ ನನ್ನ ಹತ್ತಿರವೇ ಇದೆ. ಮಳೆ, ಮಂಜು ಒಮ್ಮೆಯೂ ಕಾಣದ ಕಂಬಳಿ, ಗಂಜಿಯ ಬಿರುಸು ಇನ್ನೂ ಬಿಟ್ಟಿಲ್ಲ.